ಸುಂಡಿಲಿ ಮಾಡಿದ ತಪ್ಪೇನು?

ಸುಲ್ತಾನ್ ಬಜಾರಿನ ನಮ್ಮ ಹಳೆಯ ಮನೆಯಲ್ಲಿ ಮೊನ್ನೆ ಭಾನುವಾರ ಸಂಜೆ ನಾಲ್ಕಾರು ಕನ್ನಡ ಸಂಸಾರಗಳು ಕೂಡಿದ್ದೆವು. ಊಟಕ್ಕೆ ಇನ್ನೂ ಹೊತ್ತಿತ್ತು. ಮಕ್ಕಳ ಒತ್ತಾಯಕ್ಕೆ ಮಣಿದು ಒಂದು ಹಳೆಯ ಅಮೆರಿಕನ್ ಚಿತ್ರವನ್ನು ಹಾಕಿದೆವು. ಅದರ ಹೆಸರು ‘ದಿ ಕಿಲ್ಲರ್ ಶ್ರೂಸ್’. ಎಂದರೆ, ಕೊಲೆಗಡುಕ ಸುಂಡಿಲಿಗಳು. 1959ರಲ್ಲಿ ರೇ ಕೆಲ್ಲಾಗ್ ಎಂಬವರು ಟೆಕ್ಸಾಸಿನಲ್ಲಿ ಅಲ್ಪ ಖರ್ಚಿನಲ್ಲಿ ತೆಗೆದ ಭಯಾನಕ ಚಿತ್ರವದು.

ಒಂದು ದ್ವೀಪದಲ್ಲಿ ವಿಜ್ಞಾನಿಗಳ ಪ್ರಯೋಗದಿಂದ ಸುಂಡಿಲಿಗಳು ದೈತ್ಯಾಕಾರ ತಾಳುತ್ತವೆ. ತಿನ್ನಲು ಬೇರೇನೂ ಉಳಿಯದೆ ಮನುಷ್ಯರ ಮೇಲೆ ಬೀಳುತ್ತವೆ. ಬದುಕುಳಿದವರು ಪೀಪಾಯಿಗಳನ್ನು ಒಟ್ಟಿಗೆ ಬಿಗಿದು ಬೋರಲು ಹೊತ್ತುಕೊಂಡು, ಅವುಗಳೊಳಗೆ ಅಡಗಿ ಸಮುದ್ರದವರೆಗೆ ನಡೆದು ಪಾರಾಗುತ್ತಾರೆ. ಅಷ್ಟು ದೊಡ್ಡ ಸುಂಡಿಲಿಗಳನ್ನು ತರುವುದೆಲ್ಲಿಂದ? ನಾಯಿಗಳಿಗೇ ತುಪ್ಪುಳಿನ ವೇಷ ತೊಡಿಸಿ ಓಡಿಸಿದ್ದಾರೆ. ಹತ್ತಿರದಿಂದ ಹಲ್ಲು ತೋರಿಸಬೇಕಾದಾಗ ಕೈಗೊಂಬೆ! “ಇದು ನಮ್ಮ ಗಲ್ಲಿಯ ನಾಯಿಯಲ್ಲವೆ?” ಎಂದು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇದನ್ನು ಕಂಡು ಹಿರಿಯರೊಬ್ಬರಿಗೆ ಬಿ. ವಿಠಲಾಚಾರ್ಯರ ನೆನಪಾಯಿತು. ಉಡುಪಿಯ ಬಳಿಯ ಉದ್ಯಾವರದಲ್ಲಿ ಹುಟ್ಟಿ, ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸಿಗೆ ಕೈಹಾಕಿ, ಮೈಸೂರಿನ ಮಹಾತ್ಮಾ ಪಿಕ್ಚರ್ಸಿನಲ್ಲಿ ಪಾಲುದಾರರಾಗಿ, ಕೊನೆಗೆ ತೆಲುಗರಿಂದ ‘ಜಾನಪದ ಬ್ರಹ್ಮ’ ಎನಿಸಿಕೊಂಡ ಕನ್ನಡಿಗರವರು. ಸ್ವಲ್ಪ ಹಣದಲ್ಲಿ ಹೆದರಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. ಮಹಾತ್ಮಾ ಪಿಕ್ಚರ್ಸಿನ ಕನ್ನಡ ‘ಜಗನ್ಮೋಹಿನಿ’ 1951ರಲ್ಲಿ ಬಂತು. ಅದೇ ಹೆಸರಿನಲ್ಲಿ ವಿಠಲಾಚಾರ್ಯರು ತೆಲುಗಿನಲ್ಲಿ ತೆಗೆದದ್ದು 1978ರಲ್ಲಿ. ಅದರಲ್ಲಿ ದೆವ್ವವು ಸೌದೆಗೆ ಬದಲಾಗಿ ತನ್ನ ಕಾಲನ್ನೇ ಒಲೆಗೆ ಇಟ್ಟು ಅಡಿಗೆ ಮಾಡುವ ದೃಶ್ಯವನ್ನು ನೋಡಿದವರಾರೂ ಮರೆತಿಲ್ಲ.

ಹೀಗೆ ಹರಟುತ್ತ ಊಟ ಮುಗಿಸಿದೆವು. ರಾತ್ರಿ ಅಡಿಗೆಮನೆಯ ಗೋಡೆಯಂಚಿನಲ್ಲಿ ‘ಚಿಕ್ ಚಿಕ್’ ಎಂದು ಏನೋ ಓಡಿತು. ಮಕ್ಕಳು ಚೀರಿದರು. ದೊಡ್ಡವರಾದ ನಾವೂ ಹಿಂದುಮುಂದು ನೋಡದೆ ಪೊರಕೆ ಎತ್ತಿ ಬಡಿದೆವು. ಬಿದ್ದದ್ದು ಗೇಣುದ್ದವಿಲ್ಲದ ಒಂದು ಸುಂಡಿಲಿ. ಇಲ್ಲಿಯವರು ಛಛೂಂದರ್ ಎನ್ನುವ ಬಡಜೀವಿ.

ಅಜ್ಜಿ ಎದ್ದು ಬಂದು ನೋಡಿದರು. “ವೇಷದ ನಾಯಿಯನ್ನು ಕಂಡು ನಕ್ಕಿರಿ, ನಿಜವಾದ ಸುಂಡಿಲಿಯನ್ನು ಕೊಂದಿರಿ” ಎಂದಷ್ಟೇ ಹೇಳಿ ಹೋಗಿ ಮಲಗಿದರು. ನಮಗೆ ನಿದ್ದೆ ಬರಲಿಲ್ಲ.

ವಾಚಕರೇ, ಸುಂಡಿಲಿ ಇಲಿಯ ಜಾತಿಯದೇ ಅಲ್ಲ. ಅದರ ಮುಖ್ಯ ಆಹಾರ ಜಿರಲೆ, ಹುಳುಹುಪ್ಪಟೆ. ಕಣ್ಣು ಮಂದ, ಆದ್ದರಿಂದಲೇ ಗೋಡೆಯಂಚನ್ನು ಹಿಡಿದು ಓಡುತ್ತದೆ. ಪುಟ್ಟ ದೇಹಕ್ಕೆ ಮತ್ತೆಮತ್ತೆ ಆಹಾರ ಬೇಕು. ಆ ಹಸಿವನ್ನೇ ಚಿತ್ರದವರು ಹಿಗ್ಗಿಸಿ ಕಥೆ ಕಟ್ಟಿದರು. ತಾಯಿ ಹೊರಟಾಗ ಮರಿಗಳು ಒಂದರ ಹಿಂದೊಂದು ಕಚ್ಚಿ ಹಿಡಿದು, ರೈಲಿನ ಡಬ್ಬಿಗಳಂತೆ ಸಾಲಾಗಿ ಸಾಗುತ್ತವೆ. ವಾಸನೆ ಕೆಟ್ಟದ್ದು, ನಿಜ. ಆಹಾರವನ್ನು ಮುಚ್ಚಿಟ್ಟು, ಮೋರಿಯ ಕಿಂಡಿಗೆ ಜಾಲರಿ ಹಾಕಿದರೆ ಸಾಕಲ್ಲವೆ?

ವಿಠಲಾಚಾರ್ಯರ ದೆವ್ವಕ್ಕೂ ಈ ಚಿತ್ರದ ಸುಂಡಿಲಿಗೂ ಇರುವ ಅಂತರ ಆಗ ನಮಗೆ ಹೊಳೆಯಿತು. ಒಲೆಗೆ ಕಾಲಿಡುವ ದೆವ್ವ ಯಾವ ಬೀದಿಯಲ್ಲೂ ಇಲ್ಲ. ಆಟ ಮುಗಿದರೆ ಅದರ ಭಯವೂ ಮುಗಿಯಿತು. ಸುಂಡಿಲಿಯಾದರೋ ನಮ್ಮ ಮೋರಿಯಲ್ಲೇ ಇದೆ. ‘ಜಾಸ್’ ಕಾದಂಬರಿಯನ್ನು 1974ರಲ್ಲಿ ಬರೆದ ಪೀಟರ್ ಬೆಂಚ್ಲಿಯವರಿಗೂ ಈ ಅರಿವು ತಡವಾಗಿ ಬಂತು. ಮರುವರ್ಷ ಅದು ಚಿತ್ರವಾಗಿ, ಜನ ಶಾರ್ಕ್ ಮೀನುಗಳೆಂದರೆ ನಡುಗುವಂತಾಯಿತು. ಅದಕ್ಕಾಗಿ ಪಶ್ಚಾತ್ತಾಪಪಟ್ಟು, ಮುಂದೆ ಅವರು ಶಾರ್ಕುಗಳ ರಕ್ಷಣೆಗಾಗಿಯೇ ದುಡಿದರು.

ಮಕ್ಕಳು ಭಯದ ಚಿತ್ರ ನೋಡಬಾರದೆಂದು ನಾವು ಹೇಳುವುದಿಲ್ಲ. ನಾವೇ ನೋಡಿ ಬೆಳೆದವರು. ಆದರೆ ದೀಪ ಹಚ್ಚಿದ ಮೇಲೆ ಆ ಪ್ರಾಣಿಯ ನಿಜವಾದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳೋಣ. ಆ ಎರಡು ಮಾತನ್ನು ಅಂದು ನಾವು ಆಡಿದ್ದರೆ ಒಂದು ಜೀವ ಉಳಿಯುತ್ತಿತ್ತು.