ಆ ಪುಸ್ತಕ ಅಂಗಡಿಯಲ್ಲಿ ಇದೆಯಾ?

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಿಂದ ಒಂದು ಕಾದಂಬರಿ ಕೊಳ್ಳಲು ಹೊರಟವರು ಮೊದಲು ಶಿರಾ ಬಸ್ಸು ಹತ್ತಬೇಕು. ಅಲ್ಲಿ ಸಿಗುವುದು ಹೆಚ್ಚಾಗಿ ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಇಲ್ಲವೆಂದರೆ ಇನ್ನೂ ಸುಮಾರು 50 ಕಿ.ಮೀ. ದಾಟಿ ತುಮಕೂರಿಗೆ. ಅಲ್ಲೂ ‘ಪ್ರತಿ ಮುಗಿದಿದೆ’ ಎಂದರೆ ಬಸ್ ಚಾರ್ಜೂ ಹೋಯಿತು, ದಿನವೂ ಹೋಯಿತು. ಇದೇ ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪನವರ ಪುಸ್ತಕ ಹುಡುಕಿಕೊಂಡು ಹೊರಟವರಿಗೂ ಇದೇ ಪಾಡು. ಹೊರಡುವ ಮೊದಲೇ ಮೊಬೈಲಿನಲ್ಲಿ ನೋಡಿಕೊಳ್ಳುವುದು ಇಂಥ ಊರಿನವರಿಗೆ ಎಷ್ಟು ದೊಡ್ಡ ಅನುಕೂಲ ಎಂಬುದು ಅಂಗಡಿಯ ಪಕ್ಕದಲ್ಲೇ ಇರುವವರಿಗೆ ತಿಳಿಯದು.

ಮೊದಲು ಪುಸ್ತಕವೇ ಓದುಗನನ್ನು ಹುಡುಕಿಕೊಂಡು ಬರುತ್ತಿತ್ತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಮನೆಗೇ ಪುಸ್ತಕ ಕಳಿಸಿತು. ದೂರದೂರಿನವರಿಗೆ ಪ್ರಕಾಶಕರ ಪುಸ್ತಕಪಟ್ಟಿಯೇ ಅಂಗಡಿ. ಅದರಲ್ಲಿ ಗುರುತು ಹಾಕಿ ಕಾರ್ಡು ಬರೆದರೆ ವಿ.ಪಿ.ಪಿ.ಯಲ್ಲಿ ಕಟ್ಟು ಬರುತ್ತಿತ್ತು, ಹಣವನ್ನು ಪೋಸ್ಟ್‌ಮನ್ ಕೈಗೆ ಕೊಟ್ಟು ಬಿಡಿಸಿಕೊಳ್ಳಬೇಕಿತ್ತು.

ಆ ಪಟ್ಟಿ ಕಂಪ್ಯೂಟರಿಗೆ ಏರಿದಾಗ ಕನ್ನಡಕ್ಕೆ ಬೇರೆಯದೇ ತೊಡಕು. ಹಳೆಯ ಫಾಂಟುಗಳಲ್ಲಿ ಕನ್ನಡ ಕಾಣುತ್ತಿದ್ದದ್ದು ಕಣ್ಣಿಗಷ್ಟೇ. ಯಂತ್ರದ ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗಾಗಿ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಹುಡುಕೋಣವೆಂದರೆ ‘ಸಂಸ್ಕಾರ’ವನ್ನು ಒಬ್ಬರು ‘ಎಂ’ ಹಾಕಿ ಬರೆದರೆ ಇನ್ನೊಬ್ಬರು ‘ಎನ್’ ಹಾಕಿ ಬರೆದಿರುತ್ತಿದ್ದರು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಸಾಮಾನ್ಯ ಜನರ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟಿನ ನಂತರ. 2007ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದೂ ಪುಸ್ತಕವನ್ನೇ. ಸಪ್ನ, ನವಕರ್ನಾಟಕದಂಥ ಕನ್ನಡದ ಅಂಗಡಿಗಳೂ ತಮ್ಮ ಪಟ್ಟಿಯನ್ನು ಜಾಲತಾಣಕ್ಕೆ ತಂದವು.

ಇಷ್ಟಾದರೂ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಪಾಟಿನಲ್ಲಿ ಪುಸ್ತಕ ಇದೆ ಎಂದು ನಂಬುವಂತಿಲ್ಲ. ಕನ್ನಡದಲ್ಲಿ ಒಂದು ಮುದ್ರಣಕ್ಕೆ ಸಾಮಾನ್ಯವಾಗಿ ಸಾವಿರ ಪ್ರತಿ, ಕೆಲವೊಮ್ಮೆ ಅದೂ ಇಲ್ಲ. ಕೊನೆಯ ಪ್ರತಿ ಮಾರಿದ ದಿನವೇ ಪಟ್ಟಿ ತಿದ್ದಲು ಸಣ್ಣ ಅಂಗಡಿಯಲ್ಲಿ ಆಳೆಲ್ಲಿ? ಅದಕ್ಕೇ ಹುಡುಕಿದ ಮೇಲೆ ಒಂದು ಫೋನ್ ಮಾಡುವುದೇ ಕ್ಷೇಮ.

ಹೀಗೆ ಹುಡುಕಿದವರು ಅಲ್ಲೇ ಬಟನ್ ಒತ್ತಿ ತರಿಸಿಕೊಂಡರೆ ನಾಲ್ಕು ರೂಪಾಯಿ ಉಳಿಯಬಹುದು. ಆದರೆ ಗೈಡು ಮಾರುವ ಅಂಗಡಿಯವರು ಒಂದು ಕಾದಂಬರಿ ತಂದಿಡುವ ಧೈರ್ಯ ಮಾಡುವುದು ಯಾರಾದರೂ ಬಂದು ಕೇಳಿದಾಗ ಮಾತ್ರ. ಮುಂದಿನ ಸಲ ಮೊಬೈಲಿನಲ್ಲಿ ಪುಸ್ತಕ ಸಿಕ್ಕಾಗ ಅದರ ಹೆಸರು, ಪ್ರಕಾಶಕರು, ಮುದ್ರಣದ ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮೂರಿನ ಅಂಗಡಿಗೆ ಕೊಡಿ. ಎರಡು ಪ್ರತಿ ತರಿಸಲು ಹೇಳಿ.