ಬಿಡಿ ಹಾಳೆಗಳಿಂದ ಎದ್ದುಬಂದ ಸಿಂಫನಿ

ನಮ್ಮ ಸಂಗೀತ ಪರಂಪರೆಯಲ್ಲಿ ಕೃತಿಯೊಂದು ಮುಖ್ಯವಾಗಿ ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಇಳಿದು ಬಾಳುತ್ತದೆ. ಪಾಶ್ಚಾತ್ಯರ ಸಿಂಫನಿಯ ಸ್ಥಿತಿ ಬೇರೆ. ಹತ್ತಾರು ವಾದಕರು ಏಕಕಾಲದಲ್ಲಿ ನುಡಿಸಬೇಕಾದ, ಸಾಮಾನ್ಯವಾಗಿ ನಾಲ್ಕು ಭಾಗಗಳುಳ್ಳ ಆ ದೀರ್ಘ ರಚನೆಗೆ ಕಾಗದದ ಮೇಲಿನ ಸ್ವರಲಿಪಿಯೇ ಆಧಾರ. ಲಿಪಿ ನಷ್ಟವಾದರೆ ಕೃತಿಯೂ ನಷ್ಟವಾದಂತೆ. ಹಾಗೆ ನಷ್ಟವಾಯಿತೆಂದೇ ಭಾವಿಸಲಾಗಿದ್ದ ಒಂದು ಸಿಂಫನಿ ಸುಮಾರು ಅರ್ಧ ಶತಮಾನದ ತರುವಾಯ ಮರಳಿ ದೊರೆತ ವೃತ್ತಾಂತವು ವಿಚಾರಾರ್ಹವಾಗಿದೆ.

ರಷ್ಯದ ಸಂಗೀತಕಾರ ಸೆರ್ಗೇಯ್ ರಾಖ್ಮನಿನಾಫ್ (1873–1943) ತನ್ನ ಮೊದಲ ಸಿಂಫನಿಯನ್ನು 1895ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ ರಚಿಸಿದನು. 1897ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗ್ಲಜುನಾಫನ ನಿರ್ದೇಶನದಲ್ಲಿ ಅದರ ಪ್ರಥಮ ಪ್ರಯೋಗ ನಡೆಯಿತು. ಅಭ್ಯಾಸ ಸಾಲದೆ ಪ್ರಯೋಗ ಸಂಪೂರ್ಣವಾಗಿ ವಿಫಲವಾಯಿತು. ನರಕದಲ್ಲಿ ಸಂಗೀತಶಾಲೆಯೊಂದಿದ್ದರೆ ಅಲ್ಲಿಯ ನಿವಾಸಿಗಳಿಗೆ ಈ ಕೃತಿ ಬಹಳ ಹಿಡಿಸೀತೆಂಬ ಅರ್ಥದಲ್ಲಿ ವಿಮರ್ಶಕ ಸೀಸರ್ ಕುಯಿ ಬರೆದನು. ತರುಣನ ಮನಸ್ಸು ಮುರಿಯಿತು. ಮುಂದಿನ ಸುಮಾರು ಮೂರು ವರ್ಷಗಳ ಕಾಲ ಆತನಿಂದ ಹೇಳಿಕೊಳ್ಳುವಂಥ ರಚನೆ ಹೊರಬರಲಿಲ್ಲ. 1900ರಲ್ಲಿ ನಿಕೊಲಾಯ್ ದಾಲ್ ಎಂಬ ವೈದ್ಯನ ಮಾನಸಿಕ ಚಿಕಿತ್ಸೆಯಿಂದ ಆತ ಚೇತರಿಸಿಕೊಂಡನು. ಆ ಬಳಿಕ ರಚಿಸಿ, 1901ರಲ್ಲಿ ಪೂರ್ಣವಾಗಿ ನುಡಿಸಿದ ಎರಡನೆಯ ಪಿಯಾನೋ ಕಾಂಚೆರ್ಟೋವನ್ನು ಆ ವೈದ್ಯನಿಗೇ ಅರ್ಪಿಸಿದನು.

ಸಿಂಫನಿಯನ್ನು ಮಾತ್ರ ಆತ ಪ್ರಕಟಿಸಲಿಲ್ಲ, ಮತ್ತೆ ನುಡಿಸಲೂ ಬಿಡಲಿಲ್ಲ. 1917ರ ಕ್ರಾಂತಿಯ ಸಮಯದಲ್ಲಿ ದೇಶ ಬಿಟ್ಟಾಗ ಹಸ್ತಪ್ರತಿ ಅಲ್ಲಿಯೇ ಉಳಿಯಿತು, ಆಮೇಲೆ ಕಣ್ಮರೆಯಾಯಿತು. 1943ರಲ್ಲಿ ಆತ ಅಮೆರಿಕದಲ್ಲಿ ನಿಧನ ಹೊಂದಿದನು.

ಮರುವರ್ಷ, 1944ರಲ್ಲಿ, ಲೆನಿನ್‌ಗ್ರಾಡ್ ಸಂಗೀತ ವಿದ್ಯಾಲಯದ ಗ್ರಂಥಾಲಯದಲ್ಲಿ 1897ರ ಪ್ರಯೋಗಕ್ಕಾಗಿ ಸಿದ್ಧಪಡಿಸಿದ್ದ ವಾದಕರ ಹಾಳೆಗಳು ಪತ್ತೆಯಾದವು. ಸಿಂಫನಿಗೆ ಎರಡು ಬಗೆಯ ಲಿಖಿತ ರೂಪಗಳಿರುತ್ತವೆ. ನಿರ್ದೇಶಕನ ಮುಂದಿರುವ ಪೂರ್ಣಪ್ರತಿಯಲ್ಲಿ ಎಲ್ಲ ವಾದ್ಯಗಳ ಸಾಲುಗಳೂ ಒಂದರ ಕೆಳಗೊಂದು ಇರುತ್ತವೆ. ಯಾವ ಕ್ಷಣದಲ್ಲಿ ಯಾರು ಏನನ್ನು ನುಡಿಸುತ್ತಾರೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ವಾದಕನ ಹಾಳೆಯಲ್ಲಾದರೋ ಅವನ ಸಾಲು ಮಾತ್ರ ಇರುತ್ತದೆ. ತಾನು ಸುಮ್ಮನಿರಬೇಕಾದ ಮಾತ್ರಾವಧಿಗಳನ್ನು ಅವನು ಎಣಿಸಿಕೊಂಡು ಕೂರುತ್ತಾನೆ. ಪೂರ್ಣಪ್ರತಿಯಿಂದ ಬಿಡಿ ಹಾಳೆಗಳನ್ನು ನಕಲು ಮಾಡುವುದು ವಾಡಿಕೆ. ಇಲ್ಲಿ ಆ ಕೆಲಸವನ್ನು ತಿರುವುಮುರುವಾಗಿ ಮಾಡಬೇಕಾಯಿತು. ಪಿಟೀಲು, ಕೊಳಲು, ಕಹಳೆ, ನಗಾರಿಗಳ ಸಾಲುಗಳನ್ನು ಒಂದೊಂದಾಗಿ ಅಳತೆಗೆ ಅಳತೆ ಹೊಂದಿಸಿ ಪೂರ್ಣಪ್ರತಿಯನ್ನು ಕಟ್ಟಬೇಕಾಗಿತ್ತು. ನಕಲುಗಾರನು ಒಂದು ಅಳತೆಯನ್ನು ಬಿಟ್ಟಿದ್ದರೂ ಮುಂದಿನದೆಲ್ಲ ಅಪಸ್ವರವಾಗುವುದು ಸಹಜ. ಅದೃಷ್ಟವಶಾತ್, ಇಬ್ಬರು ಪಿಯಾನೋದಲ್ಲಿ ನುಡಿಸಲು ಅಳವಡಿಸಿದ ಇದೇ ಕೃತಿಯ ರೂಪವೊಂದು ಉಳಿದಿತ್ತು; ಸಂಶಯ ಬಂದಲ್ಲಿ ಅದರೊಡನೆ ತಾಳೆ ನೋಡಲು ಸಾಧ್ಯವಾಯಿತು. ಹೀಗೆ ಪುನಾರಚಿತವಾದ ಸಿಂಫನಿಯನ್ನು 1945ರ ಅಕ್ಟೋಬರ್ 17ರಂದು ಅಲೆಕ್ಸಾಂಡರ್ ಗೌಕನ ನಿರ್ದೇಶನದಲ್ಲಿ ಮಾಸ್ಕೋದಲ್ಲಿ ನುಡಿಸಲಾಯಿತು. 1897ರ ಬಳಿಕ ಅದೇ ಎರಡನೆಯ ಪ್ರಯೋಗ. 1948ರಲ್ಲಿ ಫಿಲಡೆಲ್ಫಿಯಾ ವಾದ್ಯವೃಂದವು ಅದನ್ನು ಅಮೆರಿಕದಲ್ಲಿ ಕೇಳಿಸಿತು.

ಈ ಶೋಧದಿಂದ ಮತ್ತೊಂದು ಮರ್ಮವೂ ಬಯಲಾಯಿತು. ರಾಖ್ಮನಿನಾಫ್ 1940ರಲ್ಲಿ ಬರೆದ ಕೊನೆಯ ಕೃತಿ ‘ಸಿಂಫನಿಕ್ ನೃತ್ಯಗಳು’. ಅದರ ಮೊದಲ ಭಾಗದ ಅಂತ್ಯದಲ್ಲಿ ಪ್ರಶಾಂತವಾದ ರಾಗಧಾರೆಯೊಂದು ಮೂಡುತ್ತದೆ. ಅದು ಆ ಮೊದಲ ಸಿಂಫನಿಯ ಉಗ್ರವಾದ ಸ್ವರಸಂಚಾರವೇ ಶಾಂತರೂಪ ತಾಳಿ ಬಂದುದು. ಕಳೆದುಹೋದ ಕೃತಿಯನ್ನು ಯಾರೂ ಗುರುತಿಸಲಾರರೆಂದು ಬಲ್ಲ ವೃದ್ಧನು ತನ್ನ ಯೌವನದ ಗಾಯಕ್ಕೆ ತಾನೇ ಮುಲಾಮು ಹಚ್ಚಿಕೊಂಡನೆನ್ನಬಹುದು. ಹಾಳೆಗಳು ದೊರೆತ ಮೇಲಷ್ಟೇ ಜಗತ್ತು ಅದನ್ನು ಅರಿಯಿತು.

ಒಂದು ಸಂಜೆಯ ಸೋಲನ್ನು ಕೃತಿಯ ಸೋಲೆಂದು ಬಗೆದವರಲ್ಲಿ ಕರ್ತೃವೂ ಒಬ್ಬನಾಗಿದ್ದನು. ಆದರೆ ವಿದ್ಯಾಸಂಸ್ಥೆಯ ಗ್ರಂಥಾಲಯವೊಂದು ಆ ಹಾಳೆಗಳ ಯೋಗ್ಯತೆಯನ್ನು ಪ್ರಶ್ನಿಸದೆ ಅವನ್ನು ಕಾಪಾಡಿಕೊಂಡು ಬಂದಿತು. ತರುಣರ ಮೊದಲ ಪ್ರಯತ್ನಗಳನ್ನು ಪ್ರತಿದಿನವೂ ಕಾಣುವ ಶಿಕ್ಷಕರಿಗೂ, ವಿದ್ಯಾಲಯಗಳ ಗ್ರಂಥಭಂಡಾರಗಳನ್ನು ಪೋಷಿಸುವ ದಾನಿಗಳಿಗೂ ಈ ವೃತ್ತಾಂತದ ಸಾರವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ.