ಹುಲ್ಲಿನ ಬೇರಿಗೂ ಗಾಳಿ ಬೇಕು

ನಂಜನಗೂಡಿನ ನಮ್ಮ ಮನೆ ಮುಂದಿನ ಹುಲ್ಲುಹಾಸು ಕೆಂಪುಮಣ್ಣಿನದು. ಮಕ್ಕಳು ಆಡುವ, ಸ್ಕೂಟರ್ ನಿಲ್ಲಿಸುವ ಕಡೆ ಮಾತ್ರ ಹುಲ್ಲು ಹಳದಿ ತಿರುಗುತ್ತದೆ. ಇಂಥದ್ದು ಕಂಡರೆ ಜನ ತಕ್ಷಣ ಯೂರಿಯಾ ಎರಚುತ್ತಾರೆ. ಅಲ್ಲಿ ಕೊರತೆಯಿರುವುದು ಗಾಳಿಗೆ. ತುಳಿತಕ್ಕೆ ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚಿಹೋದರೆ ಬೇರಿಗೆ ಆಮ್ಲಜನಕ ಸಾಲದು, ನೀರೂ ಇಳಿಯದೆ ಮೇಲೇ ಹರಿದುಹೋಗುತ್ತದೆ. ನೀರು ಹಾಯಿಸಿದ ಮಾರನೆಯ ದಿನ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆರಳುದ್ದ ಇಳಿಯಲೂ ತಿಣುಕಿದರೆ ಮಣ್ಣು ಬಿಗಿದಿದೆ ಎಂದೇ ಅರ್ಥ.

ಮುಂಗಾರಿನ ಒಂದೆರಡು ಹದಮಳೆ ಬಿದ್ದು ಹುಲ್ಲು ಚಿಗುರುವಾಗ, ಬಿಗಿದ ಮಣ್ಣಿಗೆ ತೂತು ಹಾಕಿ ಗಾಳಿಯಾಡಿಸುವ ಕೆಲಸಕ್ಕೆ ಕೈ ಹಾಕಬೇಕು. ಬರೀ ಕಂಬಿ ಚುಚ್ಚಿದರೆ ತೂತಿನ ಸುತ್ತಲ ಮಣ್ಣು ಇನ್ನಷ್ಟು ಒತ್ತಿಕೊಳ್ಳುತ್ತದೆ. ಮಣ್ಣನ್ನು ಹೊರತೆಗೆಯುವ ಟೊಳ್ಳು ಕೊಳವೆಯೇ ಮೇಲು. ನಾನು ಅರ್ಧ ಇಂಚಿನ ಕಬ್ಬಿಣದ ಪೈಪಿನ ತುದಿ ಚೂಪು ಮಾಡಿಸಿ, ಅಡ್ಡಹಿಡಿ ವೆಲ್ಡಿಂಗ್ ಮಾಡಿಸಿಕೊಂಡಿದ್ದೇನೆ. 6 ಇಂಚಿಗೊಂದರಂತೆ, 2–3 ಇಂಚು ಆಳಕ್ಕೆ ತೂತು. ಹೊರಬಂದ ಮಣ್ಣು ದಪ್ಪ ಬತ್ತಿಗಳ ಹಾಗೆ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಒಣಗಿದ ಮೇಲೆ ಕಡ್ಡಿಪೊರಕೆಯಲ್ಲಿ ಪುಡಿಮಾಡಿ ಅಲ್ಲೇ ಹರಡಿ, ಜರಡಿ ಹಿಡಿದ ಎರೆಹುಳು ಗೊಬ್ಬರವನ್ನು ತೂತುಗಳಿಗೆ ಗುಡಿಸುತ್ತೇನೆ.

ತಿ. ನರಸೀಪುರದ ಅಕ್ಕನ ಅಂಗಳ ಕಪ್ಪುಮಣ್ಣು. ಅಲ್ಲಿ ಹದ ಹಿಡಿಯುವುದೇ ಕಷ್ಟ: ಹಸಿಯಿದ್ದರೆ ಪೈಪಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಪೈಪು ಇಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಅದು ತಾನೇ ಬಿರುಕು ಬಿಟ್ಟು ಗಾಳಿ ಆಡುತ್ತದಲ್ಲ ಎಂದು ಅಕ್ಕ ಕೇಳುತ್ತಾಳೆ. ನಿಜ, ಆದರೆ ಆ ಬಿರುಕು ಬೇರನ್ನೂ ಹರಿಯುತ್ತದೆ. ಮಳೆ ಬಿದ್ದರೆ ಮಣ್ಣು ಉಬ್ಬಿ ಮುಚ್ಚಿಹೋಗುತ್ತದೆ. ಹಾಗಾಗಿ ಅವಳ ಅಂಗಳಕ್ಕೆ ಪ್ರತಿವರ್ಷ ಪೈಪು ಬೇಕು. ನಮ್ಮಲ್ಲಿ ತುಳಿತವಿದ್ದ ಕಡೆಗಷ್ಟೇ ಸಾಕು.